ಅಮಲಿನ ಹಾದಿಗೂ ಒಬ್ಬ ‘ಕೋಚ್’: ನಂಬಿ ಬಂದವರ ಸುರಕ್ಷತೆಗೆ ಯಾರು ಹೊಣೆ?

‘ಕೋಚಿಂಗ್’ ಎಂದಾಕ್ಷಣ ಮುಂಬಯಿ ಕನ್ನಡಿಗರ ಕಣ್ಣ ಮುಂದೆ ಬರುವುದು ಹತ್ತನೇ ತರಗತಿಯ ಮಕ್ಕಳ ಕ್ಲಾಸು, ಇಲ್ಲವೇ ಶಿವಾಜಿ ಪಾರ್ಕಿನಲ್ಲಿ ಹುಡುಗರಿಗೆ ಬ್ಯಾಟು ಹಿಡಿಯಲು ಕಲಿಸುವ ಕ್ರಿಕೆಟ್ ಗುರುಗಳು. ಈಚಿನ ವರ್ಷಗಳಲ್ಲಿ ದೊಡ್ಡ ಕಂಪೆನಿಗಳ ಕಚೇರಿಗಳಿಂದಾಗಿ ‘ಲೈಫ್ ಕೋಚ್’ ಎಂಬ ಹೆಸರೂ ಕಿವಿಗೆ ಬಿದ್ದಿದೆ. ಇದೀಗ ಅಮೆರಿಕ, ಕೆನಡಾ, ನೆದರ್‌ಲ್ಯಾಂಡ್ಸ್ ಮೊದಲಾದ ದೇಶಗಳಲ್ಲಿ ಮತ್ತೊಂದು ಬಗೆಯ ಕೋಚ್‌ಗಳು ಫಲಕ ಹಾಕಿಕೊಂಡಿದ್ದಾರೆ. ಕೆಲವು ಗಂಟೆಗಳ ಕಾಲ ಮನಸ್ಸಿನ ಸ್ಥಿತಿಯನ್ನೇ ಬದಲಿಸಿಬಿಡುವ ಪದಾರ್ಥಗಳಿಗೆ ‘ಸೈಕೆಡೆಲಿಕ್’ ಎಂದು ಹೆಸರು. ಇವನ್ನು ಸೇವಿಸುವವರಿಗೆ ಮೊದಲು ಸಿದ್ಧತೆ ಮಾಡಿಸುವುದು, ಸೇವಿಸಿದಾಗ ಪಕ್ಕದಲ್ಲಿ ಕಾವಲು ಕೂರುವುದು, ಆ ಬಳಿಕ ಕಂಡುಂಡದ್ದನ್ನು ಬದುಕಿಗೆ ಹೊಂದಿಸಿಕೊಳ್ಳಲು ದಾರಿ ತೋರುವುದು ಈ ಕೋಚ್‌ಗಳ ಕಸುಬು.

ದೂರದ ದೇಶದ ಈ ಸಂಗತಿ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಸಂಘಗಳ ವಾರ್ಷಿಕೋತ್ಸವದ ವೇದಿಕೆಯಲ್ಲಿ ವಿದ್ಯಾರ್ಥಿವೇತನ ಪಡೆದು ಫೋಟೋ ತೆಗೆಸಿಕೊಂಡ ಎಷ್ಟೋ ಮಕ್ಕಳು ಇಂದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಟೊರಾಂಟೋದಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ದುಡಿಯುತ್ತಿದ್ದಾರೆ. ಒಂಟಿ ಕೋಣೆ, ಕೆಲಸ ಹೋಗುವ ಭಯ, ವೀಸಾ ಚಿಂತೆ, ಊರಿನಲ್ಲಿ ವಯಸ್ಸಾದ ತಂದೆ ತಾಯಿ. ಇಷ್ಟೆಲ್ಲ ಹೊತ್ತುಕೊಂಡವರಿಗೆ ‘ಒಂದೇ ವಾರಾಂತ್ಯದಲ್ಲಿ ಮನಸ್ಸು ಹಗುರ’ ಎಂಬ ಜಾಹೀರಾತು ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಎಚ್ಚರವನ್ನು ಮನೆಯ ಹಿರಿಯರೇ ಹೇಳಬೇಕಾಗುತ್ತದೆ. ಹಾಗೆ ಹೇಳಬೇಕಾದರೆ ವಿಷಯ ಏನೆಂದು ಮೊದಲು ತಿಳಿದಿರಬೇಕು.

ಬ್ಯಾಂಕ್ ಅಧಿಕಾರಿ ಮತ್ತು ಅಣಬೆಯ ಅಜ್ಜಿ

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪೆನಿಯಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿದರು. ಅದರ ಪ್ರಭಾವ ಅವರಿಗೆ ಗೊತ್ತಾದದ್ದು 1943ರಲ್ಲಿ. ಆದರೆ ಈ ಬಗೆಯ ಪದಾರ್ಥಗಳ ಬಳಕೆ ಅದಕ್ಕಿಂತ ಎಷ್ಟೋ ಹಳೆಯದು. ಮೆಕ್ಸಿಕೊದ ಒಹಾಕ ಪ್ರಾಂತ್ಯದ ಮಜಾಟೆಕ್ ಜನರು ಕೆಲವು ಜಾತಿಯ ಅಣಬೆಗಳನ್ನು ರೋಗ ಗುಣಪಡಿಸುವ ರಾತ್ರಿಪೂಜೆಗಳಲ್ಲಿ ಬಳಸುತ್ತಿದ್ದರು. ಅದಕ್ಕೆ ಹೊತ್ತು, ನೇಮ, ನಿಷ್ಠೆ ಎಲ್ಲವೂ ಇದ್ದವು.

1955ರಲ್ಲಿ ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷರಾಗಿದ್ದ ಗಾರ್ಡನ್ ವಾಸನ್ ಎಂಬವರು ಅಲ್ಲಿನ ಹುವಾಟ್ಲಾ ಎಂಬ ಊರಿಗೆ ಬಂದರು. ಅಣಬೆಗಳ ಅಧ್ಯಯನ ಅವರ ಹವ್ಯಾಸ. ಕಷ್ಟದಲ್ಲಿರುವವರಿಗಷ್ಟೇ ಪೂಜೆ ನಡೆಯುವುದೆಂದು ತಿಳಿದಿದ್ದ ಅವರು, ದೂರದಲ್ಲಿರುವ ಮಗನ ಕ್ಷೇಮ ತಿಳಿಯಬೇಕೆಂಬ ಕಾರಣ ಮುಂದಿಟ್ಟರು. ಮರಿಯಾ ಸಬೀನಾ ಎಂಬ ಬಡ ವೈದ್ಯೆ ನಂಬಿ ತಮ್ಮ ಪೂಜೆಗೆ ಅವರನ್ನು ಸೇರಿಸಿಕೊಂಡರು. 1957ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆಯಲ್ಲಿ ವಾಸನ್ ಅವರ ಸಚಿತ್ರ ಲೇಖನ ಬಂತು. ಲೇಖನದಲ್ಲಿ ಆಕೆಯ ಹೆಸರನ್ನು ಬದಲಿಸಿದ್ದರೂ ಗುಟ್ಟು ಉಳಿಯಲಿಲ್ಲ. ಅಮೆರಿಕದಿಂದ ಯುವಕರ ಹಿಂಡೇ ಆ ಪುಟ್ಟ ಊರಿಗೆ ನುಗ್ಗಿತು, ಅವರ ಬೆನ್ನಿಗೆ ಪೊಲೀಸರೂ ಬಂದರು. ಊರಿನವರು ಆಕೆಯನ್ನೇ ದೂರಿದರು, ಆಕೆಯ ಮನೆಗೆ ಬೆಂಕಿ ಬಿತ್ತು. ಪರದೇಶಿಗಳು ಬಂದ ಮೇಲೆ ಅಣಬೆಗಳ ಶಕ್ತಿಯೇ ಹೋಯಿತೆಂದು ನೊಂದುಕೊಂಡಿದ್ದ ಆಕೆ 1985ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಇಂದು ಈ ಕ್ಷೇತ್ರದಲ್ಲಿ ನೀತಿಯ ಮಾತು ಬಂದಾಗಲೆಲ್ಲ ಈ ಅಜ್ಜಿಯ ನೆನಪು ಬರುವುದು ಸಹಜ. ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿಯೇ.

ಎರಡನೆಯ ಪೆಟ್ಟು ಹಾರ್ವರ್ಡ್ ವಿಶ್ವವಿದ್ಯಾಲಯದ್ದು. ಅಣಬೆಯ ಸಾರವಾದ ಸೈಲೋಸೈಬಿನ್ ಕುರಿತು ಅಲ್ಲಿ ಟಿಮೊಥಿ ಲಿಯರಿ, ರಿಚರ್ಡ್ ಆಲ್ಪರ್ಟ್ ಎಂಬ ಮನಶ್ಶಾಸ್ತ್ರಜ್ಞರು 1960ರಲ್ಲಿ ಪ್ರಯೋಗ ಆರಂಭಿಸಿದ್ದರು. ಪದವಿ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಅದನ್ನು ಕೊಟ್ಟ ಕಾರಣಕ್ಕೆ 1963ರಲ್ಲಿ ಆಲ್ಪರ್ಟ್ ಕೆಲಸ ಕಳೆದುಕೊಂಡರು. ಅದೇ ವರ್ಷ ಲಿಯರಿಯವರನ್ನೂ ತೆಗೆದುಹಾಕಲಾಯಿತು. ಆಲ್ಪರ್ಟ್ ಮುಂದೆ ಭಾರತಕ್ಕೆ ಬಂದು ನೀಮ್ ಕರೋಲಿ ಬಾಬಾ ಅವರ ಶಿಷ್ಯರಾಗಿ ರಾಮದಾಸ್ ಎಂಬ ಹೆಸರಿನಿಂದ ಪ್ರಸಿದ್ಧರಾದದ್ದು ಬೇರೆ ಕಥೆ. 1970ರಲ್ಲಿ ಅಮೆರಿಕ ಸರಕಾರ ಈ ಪದಾರ್ಥಗಳನ್ನು ಅತ್ಯಂತ ಕಠಿಣ ನಿಷೇಧದ ಪಟ್ಟಿಗೆ ಸೇರಿಸಿತು. ಸಂಶೋಧನೆ ದಶಕಗಳ ಕಾಲ ಮೂಲೆಗೆ ಬಿತ್ತು.

ಸಂಶೋಧನೆಗೆ ಮರುಜೀವ

ಬಾಗಿಲು ಮತ್ತೆ ತೆರೆದದ್ದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು 36 ಮಂದಿ ಸ್ವಯಂಸೇವಕರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 2008ರಲ್ಲಿ ಅದೇ ತಂಡ ಸುರಕ್ಷತೆಯ ನಿಯಮಗಳನ್ನೂ ಬರೆದು ಪ್ರಕಟಿಸಿತು. ಚಿತ್ತವಿಕಲತೆಯ ಇತಿಹಾಸ ಸ್ವತಃ ತಮಗಾಗಲಿ, ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಇದ್ದರೆ ಅಂಥವರನ್ನು ಸೇರಿಸಬಾರದು, ಔಷಧಿ ಕೊಡುವ ಮೊದಲೇ ಹಲವು ಗಂಟೆ ಮಾತುಕತೆ ನಡೆಸಿ ಪರಿಚಯ ಬೆಳೆಸಬೇಕು, ಕೋಣೆ ಮನೆಯಂತೆ ನೆಮ್ಮದಿಯಾಗಿರಬೇಕು, ಇಬ್ಬರು ಮೇಲ್ವಿಚಾರಕರು ಇರಬೇಕು, ವೈದ್ಯರು ಕರೆದಾಗ ಸಿಗಬೇಕು ಎಂಬಿವು ಅದರ ತಿರುಳು.

ಈ ಎಚ್ಚರಿಕೆಗೆ ಬಲವಾದ ಕಾರಣವಿದೆ. ಅಮಲಿನಲ್ಲಿರುವ ವ್ಯಕ್ತಿಯ ಮನಸ್ಸು ಹಸಿಮಣ್ಣಿನಂತೆ ಮೆತ್ತಗಾಗಿರುತ್ತದೆ. ಪಕ್ಕದಲ್ಲಿ ಕುಳಿತವರ ಒಂದು ಮಾತು, ಒಂದು ಸ್ಪರ್ಶ ಅದರ ಮೇಲೆ ಆಳವಾಗಿ ಅಚ್ಚೊತ್ತಬಲ್ಲದು. ಸೈಲೋಸೈಬಿನ್ ಪ್ರಭಾವ ನಾಲ್ಕರಿಂದ ಆರು ಗಂಟೆ, ಎಲ್‌ಎಸ್‌ಡಿಯದು ಅದಕ್ಕೂ ಹೆಚ್ಚು. ಅಷ್ಟು ಹೊತ್ತು ಆ ವ್ಯಕ್ತಿ ಎದ್ದು ಹೊರಗೆ ಹೋಗುವ, ಬೇಡವೆಂದು ಗಟ್ಟಿಯಾಗಿ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಆದುದರಿಂದ ಆ ಸಮಯದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬುದು ಈ ಕ್ಷೇತ್ರದ ಮೂಲ ನೀತಿ. ಏನು ಮಾಡಬಹುದು, ಏನು ಮಾಡಬಾರದು ಎಂಬುದೆಲ್ಲ ಪದಾರ್ಥ ನಾಲಗೆಗೆ ತಾಗುವ ಮೊದಲೇ ಲಿಖಿತವಾಗಿ ನಿರ್ಧಾರವಾಗಿರಬೇಕು.

ಎರಡು ಕೀಲಿ, ಒಂದೇ ಮನೆ

ಬ್ಯಾಂಕಿನ ಭದ್ರತಾ ಕೊಠಡಿಗೆ ಎರಡು ಕೀಲಿಗಳಿರುತ್ತವೆ. ಅವು ಇಬ್ಬರು ಬೇರೆ ಬೇರೆ ನೌಕರರ ಬಳಿ ಇರುತ್ತವೆ. ಯಾರ ಮೇಲೂ ಸಂಶಯವಿದ್ದು ಮಾಡಿದ ಏರ್ಪಾಡಲ್ಲ ಇದು. ಒಬ್ಬನೇ ಮನುಷ್ಯನನ್ನು ಆಸೆಯ ಮುಂದೆ ಒಂಟಿಯಾಗಿ ನಿಲ್ಲಿಸಬಾರದೆಂಬ ವಿವೇಕ. ಸೈಕೆಡೆಲಿಕ್ ಚಿಕಿತ್ಸೆಯಲ್ಲಿ ಇಬ್ಬರು ಮೇಲ್ವಿಚಾರಕರು ಬೇಕೆನ್ನುವುದರ ಹಿಂದೆಯೂ ಇದೇ ಲೆಕ್ಕಾಚಾರವಿದೆ. ಆದರೆ ಎರಡೂ ಕೀಲಿ ಒಂದೇ ಮನೆಯ ಮೊಳೆಗೆ ನೇತಾಡುತ್ತಿದ್ದರೆ?

ಕೆನಡಾದಲ್ಲಿ ಆದದ್ದು ಅದೇ. ಅಮೆರಿಕದಲ್ಲಿ 1986ರಲ್ಲಿ ಸ್ಥಾಪನೆಗೊಂಡ ‘ಮ್ಯಾಪ್ಸ್’ ಎಂಬ ಸಂಸ್ಥೆ, ಆಘಾತದಿಂದ ನರಳುವವರಿಗೆ ಎಂಡಿಎಂಎ ಎಂಬ ಪದಾರ್ಥದ ಜತೆ ಮಾತಿನ ಚಿಕಿತ್ಸೆ ನೀಡುವ ಪ್ರಯೋಗಗಳನ್ನು ನಡೆಸುತ್ತ ಬಂದಿತ್ತು. 2015ರಲ್ಲಿ ವ್ಯಾಂಕೋವರಿನ ಪ್ರಯೋಗದಲ್ಲಿ ಮಹಿಳೆಯೊಬ್ಬರಿಗೆ ನೇಮಕವಾದ ಇಬ್ಬರು ಚಿಕಿತ್ಸಕರು ಗಂಡ ಹೆಂಡತಿ. ಗಂಡನಿಗೆ ಅಲ್ಲಿ ಚಿಕಿತ್ಸಕನ ಪರವಾನಗಿ ಇರಲಿಲ್ಲ. ಚಿಕಿತ್ಸೆಯ ವೇಳೆ ಆಕೆಯನ್ನು ಒತ್ತಿ ಹಿಡಿದದ್ದು, ಅನುಚಿತವಾಗಿ ತಬ್ಬಿ ಮಲಗಿದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಆ ಬಳಿಕ ಆತ ಆಕೆಯೊಂದಿಗೆ ದೈಹಿಕ ಸಂಬಂಧವನ್ನೂ ಬೆಳೆಸಿದ. ನೀತಿಸಂಹಿತೆಯ ಉಲ್ಲಂಘನೆಯಾಗಿದೆ ಎಂದು ಸಂಸ್ಥೆ ಬಹಿರಂಗವಾಗಿ ಒಪ್ಪಿಕೊಂಡದ್ದು 2019ರಲ್ಲಿ. ದೃಶ್ಯಗಳು ಹೊರಜಗತ್ತಿಗೆ ಬರಲು ಇನ್ನೂ ಕಾಲ ಹಿಡಿಯಿತು. ನಿಯಮ ಪುಸ್ತಕವಿತ್ತು, ಕ್ಯಾಮೆರಾ ಇತ್ತು, ಎರಡನೆಯ ವ್ಯಕ್ತಿಯೂ ಇದ್ದರು. ಸಕಾಲದಲ್ಲಿ ತಡೆಯುವವರು ಮಾತ್ರ ಇರಲಿಲ್ಲ.

ಇದರ ಪರಿಣಾಮ ದೂರದವರೆಗೆ ಹೋಯಿತು. ಎಂಡಿಎಂಎ ಚಿಕಿತ್ಸೆಗೆ ಅನುಮತಿ ಕೋರಿ ಲೈಕೋಸ್ ಕಂಪೆನಿ ಸಲ್ಲಿಸಿದ ಅರ್ಜಿ 2024ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಸಲಹಾ ಸಮಿತಿಯ ಮುಂದೆ ಬಂದಾಗ, ಅಪಾಯಕ್ಕಿಂತ ಲಾಭ ಹೆಚ್ಚೆಂದು ಒಪ್ಪಿದವರು ಒಬ್ಬರೇ; ಹತ್ತು ಮಂದಿ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಇಲಾಖೆ ಅರ್ಜಿಯನ್ನು ತಿರಸ್ಕರಿಸಿ ಇನ್ನೊಂದು ದೊಡ್ಡ ಪ್ರಯೋಗ ಬೇಕೆಂದಿತು. ಪ್ರಯೋಗಗಳ ವಿನ್ಯಾಸದ ಬಗೆಗೂ ಆಕ್ಷೇಪಗಳಿದ್ದವು, ಅನುಚಿತ ವರ್ತನೆಯ ಪ್ರಶ್ನೆಯೂ ಚರ್ಚೆಗೆ ಬಂದಿತ್ತು. ಅದೇ ತಿಂಗಳು ವಿಜ್ಞಾನ ಪತ್ರಿಕೆಯೊಂದು ಕೆನಡಾದ ಈ ಪ್ರಕರಣದ ಕಾರಣ ನೀಡಿ ಮೂರು ಪ್ರಬಂಧಗಳನ್ನು ಹಿಂದೆಗೆದುಕೊಂಡಿತು. ನಿಜವಾಗಿ ನರಳುತ್ತಿರುವ ಸಾವಿರಾರು ಮಂದಿ, ಮಾಜಿ ಸೈನಿಕರೂ ಸೇರಿ, ಇನ್ನಷ್ಟು ಕಾಯುವಂತಾಯಿತು. ಒಬ್ಬರ ನೀತಿಗೇಡಿನ ಬೆಲೆಯನ್ನು ಯಾರು ಯಾರೋ ತೆರಬೇಕಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಒರೆಗಾನ್ ಹಾಕಿಕೊಟ್ಟ ದಾರಿ

ಅಮೆರಿಕದ ಒರೆಗಾನ್ ರಾಜ್ಯದ ಮತದಾರರು 2020ರ ನವೆಂಬರ್‌ನಲ್ಲಿ, ಮೇಲ್ವಿಚಾರಣೆಯಲ್ಲಿ ಸೈಲೋಸೈಬಿನ್ ಸೇವಿಸುವುದಕ್ಕೆ ಅವಕಾಶ ನೀಡುವ ಕಾನೂನಿಗೆ ಒಪ್ಪಿಗೆಯಿತ್ತರು. 2023ರಲ್ಲಿ ಕೇಂದ್ರಗಳು ತೆರೆದವು. ಕೊಲೊರಾಡೊ ರಾಜ್ಯ 2022ರಲ್ಲಿ ಮತದಾನದ ಮೂಲಕ ಅದೇ ಹಾದಿ ಹಿಡಿಯಿತು. ನ್ಯೂ ಮೆಕ್ಸಿಕೊ 2025ರಲ್ಲಿ ಕಾನೂನು ಮಾಡಿತು. ಆಸ್ಟ್ರೇಲಿಯದಲ್ಲಿ 2023ರ ಜುಲೈ 1ರಿಂದ ಅಧಿಕಾರ ಪಡೆದ ಮನೋವೈದ್ಯರು ಮಾತ್ರ, ಅದೂ ನಿರ್ದಿಷ್ಟ ಕಾಯಿಲೆಗಳಿಗೆ, ಇವನ್ನು ಬರೆದುಕೊಡಬಹುದು.

ಒರೆಗಾನ್‌ನ ನಿಯಮಗಳು ಗಮನಾರ್ಹ. 21 ವರ್ಷ ತುಂಬಿರಬೇಕು. ಮೊದಲು ಸಿದ್ಧತೆಯ ಭೇಟಿ ಕಡ್ಡಾಯ. ಹಿಂದಿನ 30 ದಿನಗಳಲ್ಲಿ ಲಿಥಿಯಂ ಮಾತ್ರೆ ಸೇವಿಸಿದವರಿಗೆ, ಚಿತ್ತವಿಕಲತೆಗೆ ಒಳಗಾಗಿದ್ದವರಿಗೆ ಪ್ರವೇಶವಿಲ್ಲ. ಪದಾರ್ಥ ಪ್ರಯೋಗಾಲಯದಲ್ಲಿ ಪರೀಕ್ಷೆಗೊಂಡಿರಬೇಕು; ಒಮ್ಮೆಗೆ 50 ಮಿಲಿಗ್ರಾಂ ಮೀರಬಾರದು. ಮಾರ್ಗದರ್ಶಕರಿಗೆ ತರಬೇತಿ, ಪರೀಕ್ಷೆ, ಪರವಾನಗಿ ಬೇಕು. ಸಾಂತ್ವನದ ಸ್ಪರ್ಶಕ್ಕೂ ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯಿದ್ದರೂ ಕೈ, ಕಾಲು, ಭುಜ ಮುಟ್ಟುವುದು ಅಥವಾ ಅಪ್ಪಿ ಸಮಾಧಾನ ಹೇಳುವುದು, ಇಷ್ಟಕ್ಕೇ ಮಿತಿ. ಮುಗಿದ ಮೇಲೆ ಮನೆಗೆ ಹೇಗೆ ಹೋಗುವುದು ಎಂಬ ಯೋಜನೆಯೂ ಮೊದಲೇ ಬರೆದಿರಬೇಕು, ಸ್ವತಃ ಕಾರು ಓಡಿಸುವಂತಿಲ್ಲ. ದೂರು ಕೊಡಲು ಸರಕಾರಿ ಇಲಾಖೆಯಿದೆ, ಪರವಾನಗಿ ಕಸಿಯುವ ಅಧಿಕಾರ ಅದಕ್ಕಿದೆ. ಇವು ಸಾಕೇ ಎಂಬ ಚರ್ಚೆ ಅಲ್ಲಿಯೂ ಇದೆ. ಆದರೂ ಮರ್ಯಾದೆಯ ಕನಿಷ್ಠ ಗೆರೆಯೊಂದನ್ನು ಎಳೆದಂತಾಯಿತು.

ಕೋಚ್ ಎಂಬವರು ಎಲ್ಲಿ ನಿಲ್ಲುತ್ತಾರೆ?

ಕಷ್ಟವಿರುವುದು ಈ ಗೆರೆಯ ಹೊರಗೆ. ವೈದ್ಯ, ದಾದಿ, ಮನಶ್ಶಾಸ್ತ್ರಜ್ಞ ಎಂದು ಹೇಳಿಕೊಳ್ಳಲು ಪದವಿ ಬೇಕು, ನೋಂದಣಿ ಬೇಕು. ‘ಕೋಚ್’ ಎಂದು ಹೇಳಿಕೊಳ್ಳಲು ಏನೂ ಬೇಡ. 1995ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಕೋಚಿಂಗ್ ಒಕ್ಕೂಟಕ್ಕೆ ನೀತಿಸಂಹಿತೆಯಿದೆ, ಆದರೆ ಸದಸ್ಯರಲ್ಲದವರನ್ನು ಅದು ಕಟ್ಟಿಹಾಕಲಾರದು. ಅನೇಕ ಕೋಚ್‌ಗಳು ‘ನಾವು ಪದಾರ್ಥ ಕೊಡುವುದಿಲ್ಲ, ನೀವೇ ತಂದುಕೊಳ್ಳಿ, ನಮ್ಮದು ಮಾರ್ಗದರ್ಶನ ಮಾತ್ರ’ ಎನ್ನುತ್ತಾರೆ. ಹೀಗಾದಾಗ ಪದಾರ್ಥದ ಶುದ್ಧತೆಗೆ ಹೊಣೆಗಾರರಿಲ್ಲ, ಪ್ರಮಾಣಕ್ಕೆ ಹೊಣೆಗಾರರಿಲ್ಲ, ಅನಾಹುತವಾದರೆ ದೂರು ಕೇಳುವ ಮಂಡಳಿಯೂ ಇಲ್ಲ. ವೈದ್ಯರಾದರೆ ಗುಟ್ಟು ಕಾಯುವುದು ಕಾನೂನಿನ ಕಟ್ಟಳೆ. ಕೋಚ್‌ಗೆ ಅದು ಬರಿಯ ಮಾತು.

ಈ ವೃತ್ತಿಯಲ್ಲಿ ಪ್ರಾಮಾಣಿಕರೂ ಇದ್ದಾರೆ. ತಮ್ಮ ಮಿತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿ, ಕಾಯಿಲೆ ಇರುವವರನ್ನು ವೈದ್ಯರ ಬಳಿಗೆ ಕಳುಹಿಸುವವರು ಇವರು. ಪದಾರ್ಥವನ್ನೇ ಸರ್ವರೋಗಕ್ಕೂ ಮದ್ದೆಂದು ಹೊಗಳುವವರು, ‘ಡಾಕ್ಟರ ಮಾತ್ರೆ ಬಿಟ್ಟು ಬನ್ನಿ’ ಎನ್ನುವವರು, ಗಿರಾಕಿಯ ಜತೆ ಗೆಳೆತನ, ವ್ಯಾಪಾರ, ಪ್ರೇಮ ಎಲ್ಲವನ್ನೂ ಬೆರೆಸುವವರು ಇನ್ನೊಂದು ಬಗೆ. ಮೊದಲನೆಯವರಿಂದ ಎರಡನೆಯವರನ್ನು ಬೇರ್ಪಡಿಸಿ ನೋಡುವ ಜವಾಬ್ದಾರಿ ಸದ್ಯಕ್ಕೆ ಗಿರಾಕಿಯದೇ ಆಗಿದೆ.

ದೇಹಕ್ಕೆ ಅಪಾಯ ಎಲ್ಲಿದೆ?

ಅಣಬೆ ಸೇವಿಸಿ ಕೆಟ್ಟ ಅನುಭವ ಪಡೆದ 1,993 ಮಂದಿಯನ್ನು ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ವಿಚಾರಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇ. 11 ಮಂದಿ ಆ ಹೊತ್ತಿನಲ್ಲಿ ತಮ್ಮನ್ನೋ ಇತರರನ್ನೋ ದೈಹಿಕ ಅಪಾಯಕ್ಕೆ ಒಡ್ಡಿದ್ದರು, ಶೇ. 2.7 ಮಂದಿಗೆ ವೈದ್ಯಕೀಯ ನೆರವು ಬೇಕಾಗಿತ್ತು. ಯಾವ ಮೇಲ್ವಿಚಾರಣೆಯೂ ಇಲ್ಲದೆ ಸೇವಿಸಿದವರೇ ಇವರಲ್ಲಿ ಹೆಚ್ಚು. 2022ರಲ್ಲಿ ಪ್ರಕಟವಾದ, 233 ಖಿನ್ನತೆಯ ರೋಗಿಗಳ ಮೇಲೆ ನಡೆದ ಶಿಸ್ತಿನ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣ ಪಡೆದವರಿಗೆ ಖಿನ್ನತೆ ಇಳಿದದ್ದು ಕಂಡುಬಂತು. ಜತೆಗೇ ತಲೆನೋವು, ವಾಕರಿಕೆ, ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯೂ ಕಾಣಿಸಿಕೊಂಡಿತು. ಲಾಭ, ನಷ್ಟ ಎರಡೂ ಕಾಲಂ ನೋಡದೆ ಲೆಕ್ಕ ಮುಗಿಸುವಂತಿಲ್ಲ.

ಔಷಧಿಗಳ ತಿಕ್ಕಾಟ ಇನ್ನೊಂದು ಗಂಭೀರ ವಿಷಯ. ಲಿಥಿಯಂ ಸೇವಿಸುವವರಿಗೆ ಅಪಸ್ಮಾರದಂಥ ಸೆಳೆತ ಬರಬಹುದು. ದಕ್ಷಿಣ ಅಮೆರಿಕದ ಅಯಾಹುವಾಸ್ಕ ಕಷಾಯ, ಖಿನ್ನತೆಯ ಸಾಮಾನ್ಯ ಮಾತ್ರೆಗಳೊಂದಿಗೆ ಸೇರಿದರೆ ಪ್ರಾಣಾಪಾಯವಾಗಬಹುದು. ಆಫ್ರಿಕಾ ಮೂಲದ ಇಬೊಗೇನ್ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. 1990ರಿಂದ 2008ರ ನಡುವೆ ಅದನ್ನು ಸೇವಿಸಿದ ನಂತರ ಮೃತಪಟ್ಟ 19 ಮಂದಿಯ ವಿವರ ವೈದ್ಯ ಸಾಹಿತ್ಯದಲ್ಲಿ ದಾಖಲಾಗಿದೆ.

ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಬಳಸುವ ಕೆಟಮಿನ್ ಕೂಡ ಇಂದು ಈ ಪೇಟೆಗೆ ಬಂದಿದೆ. ಅದರದೇ ರೂಪವಾದ ಮೂಗಿನ ಸಿಂಪಡಿಕೆಗೆ 2019ರಲ್ಲಿ ಅನುಮತಿ ನೀಡಿದಾಗ ಅಮೆರಿಕದ ಇಲಾಖೆ, ಕನಿಷ್ಠ ಎರಡು ಗಂಟೆ ವೈದ್ಯಕೀಯ ನಿಗಾ ಇರಬೇಕು, ಮರುದಿನದವರೆಗೆ ವಾಹನ ಓಡಿಸಬಾರದು ಎಂಬ ಷರತ್ತು ಹಾಕಿತು. ಷರತ್ತು ಮೀರಿದರೆ ಏನಾಗುತ್ತದೆ ಎಂಬುದನ್ನು ಹಾಲಿವುಡ್ ನಟ ಮ್ಯಾಥ್ಯೂ ಪೆರಿ ಅವರ ಸಾವು ತೋರಿಸಿಕೊಟ್ಟಿತು. 2023ರ ಅಕ್ಟೋಬರ್ 28ರಂದು ಅವರು ತಮ್ಮ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ಶವವಾಗಿ ಸಿಕ್ಕಿದರು. ಕೆಟಮಿನ್ ಪ್ರಭಾವವೇ ಮುಖ್ಯ ಕಾರಣವೆಂದು ವರದಿ ಬಂತು. ಆರೋಪಕ್ಕೆ ಗುರಿಯಾದ ಐವರಲ್ಲಿ ಇಬ್ಬರು ವೈದ್ಯರು, ಒಬ್ಬ ಅವರ ಮನೆಯ ಸಹಾಯಕ. ಐವರೂ ತಪ್ಪೊಪ್ಪಿಕೊಂಡಿದ್ದಾರೆ. ಪದವಿ ಇದ್ದ ಮಾತ್ರಕ್ಕೆ ನೀತಿ ಇರುತ್ತದೆ ಎನ್ನುವಂತಿಲ್ಲ ಎಂಬ ಪಾಠವೂ ಇದರಲ್ಲಿದೆ.

ಕಾನೂನು ಮರೆತರೆ ಕಷ್ಟ

ಭಾರತದಲ್ಲಿ ಸೈಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಇವೆಲ್ಲ 1985ರ ಮಾದಕ ಪದಾರ್ಥ ತಡೆ ಕಾಯ್ದೆಯಡಿ ಬರುತ್ತವೆ. ಎಲ್‌ಎಸ್‌ಡಿಯ ವಿಚಾರದಲ್ಲಿ ಕೇವಲ 0.1 ಗ್ರಾಂ ಸಿಕ್ಕಿದರೂ ಅದು ‘ವಾಣಿಜ್ಯ ಪ್ರಮಾಣ’. ಹತ್ತರಿಂದ ಇಪ್ಪತ್ತು ವರ್ಷ ಕಠಿಣ ಸಜೆ, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಇಂಥ ಕೆಲಸಕ್ಕೆಂದು ಗೊತ್ತಿದ್ದೂ ತನ್ನ ಮನೆ, ಕೋಣೆ, ವಾಹನ ಬಿಟ್ಟುಕೊಟ್ಟವರೂ ಅಪರಾಧಿಗಳೇ. ‘ಧ್ಯಾನ ಶಿಬಿರ’ದ ಹೆಸರಿನಲ್ಲಿ ಫಾರ್ಮ್‌ಹೌಸು, ಸಭಾಗೃಹ ಬಾಡಿಗೆಗೆ ಕೇಳಿಕೊಂಡು ಬರುವವರಿದ್ದರೆ ಒಳಗೆ ಏನು ನಡೆಯುವುದೆಂದು ವಿಚಾರಿಸುವುದು ಒಳಿತು. ಚಟಕ್ಕೆ ಸಿಕ್ಕಿದವರು ತಾವಾಗಿಯೇ ಚಿಕಿತ್ಸೆಗೆ ಮುಂದಾದರೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ನೀಡುವ ಕಲಮೂ ಅದೇ ಕಾಯ್ದೆಯಲ್ಲಿದೆ ಎಂಬುದನ್ನು ತಂದೆ ತಾಯಿ ತಿಳಿದಿರಬೇಕು.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಬೇರೊಂದು ಗಂಡಾಂತರವಿದೆ. ಒರೆಗಾನ್‌ನಲ್ಲಿ ಕಾನೂನುಬದ್ಧ ಎನಿಸಿದ್ದು ಕೇಂದ್ರ ಸರಕಾರದ ಕಾನೂನಿನಲ್ಲಿ ಅಪರಾಧವೇ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಇವೆಲ್ಲ ಕೇಂದ್ರದ ಕೈಯಲ್ಲಿವೆ. ಶಿಕ್ಷೆಯಾಗದಿದ್ದರೂ, ನಿಷೇಧಿತ ಪದಾರ್ಥ ಸೇವಿಸಿದ್ದನ್ನು ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ದೇಶದೊಳಗೆ ಪ್ರವೇಶ ನಿರಾಕರಿಸಲು ಅಲ್ಲಿನ ವಲಸೆ ಕಾನೂನಿನಲ್ಲಿ ಅವಕಾಶವಿದೆ. ಪರವಾನಗಿ ಪಡೆದ ಕೇಂದ್ರದ ಗೋಡೆ ಅಮೆರಿಕದ ಪೌರರನ್ನು ಕಾಪಾಡಿದಷ್ಟು ವೀಸಾದಾರರನ್ನು ಕಾಪಾಡದು. ಇದನ್ನು ಎಷ್ಟು ಕೋಚ್‌ಗಳು ಮೊದಲೇ ತಿಳಿಸುತ್ತಾರೆ?

ಕೇಳಲೇಬೇಕಾದ ಏಳು ಪ್ರಶ್ನೆಗಳು

ಕಾನೂನು ಅನುಮತಿಸುವ ದೇಶದಲ್ಲಿದ್ದು, ಇಂಥ ಮಾರ್ಗದರ್ಶನ ಪಡೆಯಲು ಯೋಚಿಸುವವರು ಕನಿಷ್ಠ ಇಷ್ಟನ್ನಾದರೂ ಕೇಳಬೇಕು:

1. ನಿಮ್ಮ ಪರವಾನಗಿ ಯಾವುದು, ಕೊಟ್ಟವರು ಯಾರು, ದೂರಿದ್ದರೆ ಯಾರಿಗೆ ಕೊಡಬೇಕು?

2. ನನ್ನ ಕಾಯಿಲೆ, ಮನೆತನದ ಕಾಯಿಲೆ, ಸೇವಿಸುವ ಮಾತ್ರೆಗಳ ವಿವರವನ್ನು ವೈದ್ಯರು ನೋಡುತ್ತಾರೆಯೇ?

3. ಕೋಣೆಯಲ್ಲಿ ಯಾರು ಯಾರು ಇರುತ್ತಾರೆ, ಅವರವರ ಸಂಬಂಧವೇನು?

4. ಸ್ಪರ್ಶದ ಬಗ್ಗೆ ಲಿಖಿತ ನಿಯಮವೇನು?

5. ತುರ್ತು ಸ್ಥಿತಿಯಲ್ಲಿ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ?

6. ಮಧ್ಯದಲ್ಲಿ ಮನಸ್ಸು ಬದಲಾದರೆ ಹಣ ವಾಪಸು ಸಿಗುತ್ತದೆಯೇ? ಹಣ ಹೋಗುವ ಭಯದಿಂದಲೇ ಮುಂದುವರಿದ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಲ್ಲ.

7. ಮುಗಿದ ಮೇಲಿನ ವಾರಗಳಲ್ಲಿ ನಿದ್ದೆ ಕೆಟ್ಟರೆ, ಭಯ ಕಾಡಿದರೆ ಯಾರು ಸಿಗುತ್ತಾರೆ?

ಈ ಪ್ರಶ್ನೆಗಳಿಗೆ ಸಿಟ್ಟಾಗುವವರು, ‘ನಂಬಿಕೆ ಇಲ್ಲದಿದ್ದರೆ ಫಲವಿಲ್ಲ’ ಎನ್ನುವವರು ಸಿಕ್ಕಿದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಮನೆಯವರ ಪಾಲು

ಮಕ್ಕಳು ಇಂಥ ವಿಷಯ ಎತ್ತಿದಾಗ ‘ಛೀ, ಗಾಂಜಾ ಸಹವಾಸ’ ಎಂದು ಗದರಿ ಫೋನ್ ಇಟ್ಟರೆ ಅವರು ಮತ್ತೆ ಹೇಳುವುದಿಲ್ಲ, ಮಾಡುವುದನ್ನು ಗುಟ್ಟಾಗಿ ಮಾಡುತ್ತಾರೆ. ಗುಟ್ಟು ಇದ್ದಲ್ಲಿ ಸುರಕ್ಷತೆ ಇರದು. ಅವರನ್ನು ಅಲ್ಲಿಯವರೆಗೆ ತಂದ ನೋವು ಯಾವುದೆಂದು ಮೊದಲು ಕೇಳಬೇಕು. ನಿದ್ದೆ ಬಾರದ, ಬದುಕು ಸಾಕೆನಿಸುವ ಮನಸ್ಸಿಗೆ ಇಂದು ಪರೀಕ್ಷಿತ ಚಿಕಿತ್ಸೆಗಳಿವೆ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರವಾಗಿದ್ದು, ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತಾಡಬಹುದು.

ಸಂಘಗಳಲ್ಲಿ ರಕ್ತದೊತ್ತಡ, ಮಧುಮೇಹ, ಕಣ್ಣಿನ ತಪಾಸಣೆಯ ಶಿಬಿರಗಳು ವರ್ಷವರ್ಷವೂ ನಡೆಯುತ್ತವೆ. ಮನಸ್ಸಿನ ಆರೋಗ್ಯಕ್ಕೂ ಒಂದು ಭಾನುವಾರ ಮೀಸಲಿಟ್ಟು, ನೋಂದಾಯಿತ ಮನೋವೈದ್ಯರೊಬ್ಬರನ್ನು ಕರೆಸಿ, ಯುವಕರೂ ಹಿರಿಯರೂ ಒಟ್ಟಿಗೆ ಕುಳಿತು ಕೇಳುವ ಏರ್ಪಾಡು ಮಾಡಬಹುದು. ಅಣಬೆಯೋ ಮಾತ್ರೆಯೋ ಎಂಬ ಪ್ರಶ್ನೆ ಆಮೇಲಿನದು. ನೋವನ್ನು ಹೇಳಿಕೊಳ್ಳಲು ಮನೆಯಲ್ಲೊಂದು ಕಿವಿ ಇದೆ ಎಂದು ಗೊತ್ತಿರುವ ಮಗ, ಮಗಳು ಅಪರಿಚಿತರ ಕೈಗೆ ಮನಸ್ಸಿನ ಕೀಲಿ ಒಪ್ಪಿಸುವ ಮೊದಲು ಒಮ್ಮೆ ಊರಿಗೆ ಫೋನ್ ಮಾಡಿಯಾರು.